ಮಾಗಿಯ ಚಳಿ, ಮನೆಯ ಸಾಂತ್ವನ



ಕ್ರಿಸ್ತಜಯಂತಿಯ ಸಡಗರ ಮುಗಿದಿದೆ. ಗೋದಲಿಯ ಬೊಂಬೆಗಳು ಪೆಟ್ಟಿಗೆ ಸೇರಿವೆ, ನಕ್ಷತ್ರದ ದೀಪ ಕೆಳಗಿಳಿದಿದೆ. ರಜೆಗೆ ಬಂದಿದ್ದ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಮರಳಿದ್ದಾರೆ. ಆದರೆ ಚಳಿ ಮಾತ್ರ ಹೋಗಿಲ್ಲ. ಮಲೆನಾಡಿನಲ್ಲಿ ಹೊತ್ತು ಏರಿದರೂ ಮಂಜು ಕರಗದು. ಬಯಲುಸೀಮೆಯಲ್ಲಿ ಒಣಗಾಳಿಗೆ ತುಟಿ, ಹಿಮ್ಮಡಿ ಬಿರಿಯುತ್ತವೆ. ಮೊದಲೇ ಬಿಕೋ ಎನ್ನುವ ಮನೆಯಲ್ಲಿ ಈ ಚಳಿ ಇಮ್ಮಡಿಯಾಗುತ್ತದೆ. ಹೋದ ವರ್ಷ ಜೊತೆಗಿದ್ದವರು ಈ ವರ್ಷ ಇಲ್ಲವಾದ ಮನೆಗಳಲ್ಲಂತೂ ಹೇಳುವುದೇ ಬೇಡ.

ಇಂಥ ದಿನಗಳಲ್ಲಿ ಒಂದು ಲೋಟ ಬೆಲ್ಲದ ಕಾಫಿ, ಹಂಡೆಯ ಬಿಸಿನೀರು, ಹಳೆಯ ಕಂಬಳಿ ಎಷ್ಟು ಹಿತ! ಆದರೂ ಕೆಲವು ಭಕ್ತ ಮನಸ್ಸುಗಳಿಗೆ ಅಳುಕು. ‘ಶಿಲುಬೆ ಹೊತ್ತ ಸ್ವಾಮಿಯನ್ನು ಹಿಂಬಾಲಿಸುವ ನಮಗೆ ಈ ದೇಹಸುಖ ಬೇಕೆ? ದುಃಖದಲ್ಲಿರುವವರಿಗೆ ಜಪ ಸಾಲದೆ?’ ಎಂದು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಅದಕ್ಕೆ ಧರ್ಮಸಭೆಯ ಮಹಾ ಪಂಡಿತರೊಬ್ಬರು ಕೊಟ್ಟ ಉತ್ತರವನ್ನು ಈ ವಾರ ತಿಳಿಯೋಣ.

ಸಂತ ತೋಮಸರ ಐದು ಮದ್ದುಗಳು

ಜನವರಿ 28ರಂದು ನಾವು ಸ್ಮರಿಸುವ ಸಂತ ತೋಮಸ್ ಅಕ್ವಿನಾಸರು 1274ರಲ್ಲಿ ದೈವಾಧೀನರಾದವರು. ಅವರ ಮಹಾಕೃತಿ ‘ಸುಮ್ಮಾ ಥಿಯೊಲೊಜಿಯೇ’ ಎಂದೊಡನೆ ತಲೆನೋವು ತರುವ ತರ್ಕವೇ ಹಲವರಿಗೆ ನೆನಪಾಗುತ್ತದೆ. ಆದರೆ ಅದೇ ಗ್ರಂಥದಲ್ಲಿ ಅವರು ದುಃಖಕ್ಕೆ ಮದ್ದೇನೆಂದು ವಿಚಾರಿಸಿ ಐದನ್ನು ಹೆಸರಿಸಿದ್ದಾರೆ.

ಮೊದಲನೆಯದು, ಯಾವುದಾದರೂ ಒಂದು ಒಳ್ಳೆಯ ಸಂತೋಷ. ದಣಿದ ದೇಹಕ್ಕೆ ವಿಶ್ರಾಂತಿ ಹೇಗೋ, ದುಃಖಿಸುವ ಮನಸ್ಸಿಗೆ ಸಂತೋಷ ಹಾಗೆ. ಎರಡನೆಯದು, ಕಣ್ಣೀರು. ನೋವನ್ನು ಒಳಗೇ ಕೂಡಿಟ್ಟರೆ ಅದು ಹೆಚ್ಚು ಬಾಧಿಸುತ್ತದೆ, ಹೊರಬಿಟ್ಟರೆ ಹಗುರಾಗುತ್ತದೆ. ಮೂರನೆಯದು, ಸ್ನೇಹಿತರ ಮರುಕ. ಹೊರೆಯನ್ನು ಇನ್ನೊಬ್ಬರು ಹಂಚಿಕೊಂಡಂತೆ ಎನಿಸುವುದು ಒಂದು ಕಾರಣವಾದರೆ, ‘ನನ್ನನ್ನು ಪ್ರೀತಿಸುವವರಿದ್ದಾರೆ’ ಎಂಬ ಅರಿವು ಅದಕ್ಕಿಂತ ದೊಡ್ಡ ಕಾರಣ. ನಾಲ್ಕನೆಯದು, ಸತ್ಯದ ಧ್ಯಾನ, ಅಂದರೆ ದೇವರನ್ನೂ ಬರಲಿರುವ ನಿತ್ಯಾನಂದವನ್ನೂ ಮನಸ್ಸಿಗೆ ತಂದುಕೊಳ್ಳುವುದು. ಐದನೆಯದೇನು ಬಲ್ಲಿರಾ? ನಿದ್ದೆ ಮತ್ತು ಸ್ನಾನ!

ನಗಬೇಡಿ. ಇದಕ್ಕೆ ಅವರು ಸಂತ ಅಗುಸ್ತೀನರನ್ನೇ ಸಾಕ್ಷಿಗೆ ಕರೆಯುತ್ತಾರೆ. 387ರಲ್ಲಿ ಓಸ್ತಿಯ ಎಂಬಲ್ಲಿ ತಾಯಿ ಸಂತ ಮೋನಿಕಮ್ಮನವರನ್ನು ಮಣ್ಣು ಮಾಡಿದ ದಿನ ಅಗುಸ್ತೀನರು ಸ್ನಾನಕ್ಕೆ ಹೋದರು. ದುಃಖ ತೊಳೆದುಹೋಗಲಿಲ್ಲ. ಆಮೇಲೆ ಮಲಗಿದರು, ಎದ್ದಾಗ ದುಃಖ ಎಷ್ಟೋ ಹಗುರಾಗಿತ್ತು. ಇದನ್ನು ತಮ್ಮ ‘ನಿವೇದನೆ’ಗಳಲ್ಲಿ ಅವರೇ ಸಂಕೋಚವಿಲ್ಲದೆ ಬರೆದಿದ್ದಾರೆ.

ಇದರ ಹಿಂದಿನ ತತ್ವ ಸರಳವಾದದ್ದು. ಮನುಷ್ಯನು ದೇಹದೊಳಗೆ ಸೆರೆಯಾದ ಆತ್ಮವಲ್ಲ. ಆತ್ಮ ಮತ್ತು ದೇಹ ಸೇರಿಯೇ ಒಬ್ಬ ಮನುಷ್ಯ. ಆದ್ದರಿಂದ ಮನಸ್ಸು ಕುಗ್ಗಿದಾಗ ದೇಹ ಸೊರಗುತ್ತದೆ; ದೇಹ ಬೆಚ್ಚಗಾದಾಗ ಮನಸ್ಸಿಗೂ ಉಸಿರು ಬರುತ್ತದೆ. ದೇವರ ವಾಕ್ಯವು ಮನುಷ್ಯನಾದದ್ದು ಈ ದೇಹದಲ್ಲೇ. ಆ ರಾತ್ರಿ ಮಾತೆ ಮರಿಯಮ್ಮನವರು ಮಾಡಿದ ಮೊದಲ ಸೇವೆ ಕೂಸನ್ನು ಬಟ್ಟೆಯಲ್ಲಿ ಸುತ್ತಿದ್ದು. ಸಂತ ಪೌಲರೂ ಸೆರೆಮನೆಯಿಂದ ತಿಮೊಥೇಯನಿಗೆ ಬರೆದಾಗ, ತ್ರೋವದಲ್ಲಿ ಕಾರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನು ತರಬೇಕೆಂದು, ಚಳಿಗಾಲಕ್ಕೆ ಮುಂಚೆಯೇ ಬರಬೇಕೆಂದು ಕೇಳಿಕೊಂಡರು. ಜೊತೆಗೆ ಪುಸ್ತಕಗಳನ್ನೂ ಕೇಳಿದರು. ಮರಣದ ಹೊಸ್ತಿಲಲ್ಲಿದ್ದ ಆ ಧೀರ ಪ್ರೇಷಿತರಿಗೂ ಬೆಚ್ಚನೆಯ ಬಟ್ಟೆ, ಓದಲು ಪುಸ್ತಕ, ಪಕ್ಕದಲ್ಲೊಬ್ಬ ಸ್ನೇಹಿತ ಬೇಕಾಗಿತ್ತು. ನಮಗೆ ಬೇಕೆನಿಸಿದರೆ ಅದು ಪಾಪವೆ?

ಎರಡು ಬೆಂಕಿಗಳು

ಹಾಗಾದರೆ ಸಾಂತ್ವನಕ್ಕೂ ವಿಲಾಸಕ್ಕೂ ವ್ಯತ್ಯಾಸವಿಲ್ಲವೆ? ಇದೆ. ಅದನ್ನು ಸಂತ ಯೊವಾನ್ನರ ಶುಭಸಂದೇಶ ಎರಡು ಬೆಂಕಿಗಳ ಮೂಲಕ ತೋರಿಸುತ್ತದೆ. ಇದ್ದಲಿನ ಬೆಂಕಿ ಎಂಬರ್ಥದ ಒಂದು ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಎರಡೂ ಈ ಶುಭಸಂದೇಶದಲ್ಲೇ.

ಮೊದಲ ಬೆಂಕಿ ಪ್ರಧಾನಯಾಜಕನ ಅಂಗಳದಲ್ಲಿ. ಚಳಿಯಿತ್ತು, ಆಳುಗಳು ಬೆಂಕಿ ಹಾಕಿದ್ದರು, ಪೇತ್ರನೂ ಅವರ ನಡುವೆ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ. ಒಳಗೆ ಸ್ವಾಮಿ ಒಂಟಿಯಾಗಿ ವಿಚಾರಣೆ ಎದುರಿಸುತ್ತಿದ್ದರು. ಆ ಬೆಂಕಿಯ ಬಳಿಯೇ ಪೇತ್ರ ಅವರನ್ನು ಅರಿಯೆನೆಂದ. ಎರಡನೆಯ ಬೆಂಕಿ ಪುನರುತ್ಥಾನದ ನಂತರ, ಸರೋವರದ ದಡದಲ್ಲಿ. ಅದನ್ನು ಸಿದ್ಧಮಾಡಿದವರು ಸ್ವಾಮಿಯೇ. ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದವರಿಗೆ ರೊಟ್ಟಿ, ಮೀನು ಕಾದಿದ್ದವು. ಊಟವಾದ ಮೇಲೆ ಪೇತ್ರನಿಗೆ ಮೂರು ಸಲ ಪ್ರೀತಿಯ ಪ್ರಶ್ನೆ, ಮೂರು ಸಲ ಮಂದೆಯ ಹೊಣೆ.

ಬೆಂಕಿ ಎರಡೂ ಕಡೆ ಒಂದೇ. ಒಂದು ಕಡೆ ನನ್ನ ಮೈ ಬೆಚ್ಚಗಾದರೆ ಸಾಕೆಂಬ ಭಯ; ಇನ್ನೊಂದು ಕಡೆ ದಣಿದವರು ಬಂದಾರೆಂದು ಮೊದಲೇ ಹೊತ್ತಿಸಿಟ್ಟ ಪ್ರೀತಿ. ನಿಮ್ಮ ಮನೆಯ ಹಿತವನ್ನು ಈ ಅಳತೆಗೋಲಿನಿಂದ ಅಳೆಯಿರಿ. ಪಕ್ಕದವರ ಚಳಿಯನ್ನು ಮರೆಸುವ ಹಿತ ವಿಲಾಸ. ನೆನಪಿಸುವ ಹಿತ ದೇವರ ವರ.

ಅರ್ಧ ಮೇಲಂಗಿ

ಸಂತ ಮಾರ್ಟಿನರ ಕಥೆ ನಿಮಗೆ ಗೊತ್ತಿದ್ದೀತು. ಸೈನಿಕನಾಗಿದ್ದಾಗ, ಇನ್ನೂ ಜ್ಞಾನಸ್ನಾನ ಪಡೆಯುವ ಮುಂಚೆ, ಕಡು ಚಳಿಯಲ್ಲಿ ಆಮಿಯೆನ್ ನಗರದ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟರು. ಆ ರಾತ್ರಿ ಕನಸಿನಲ್ಲಿ ಕ್ರಿಸ್ತರೇ ಆ ತುಂಡನ್ನು ಹೊದ್ದಿದ್ದರು. ಮಾರ್ಟಿನರದೆಂದು ಪೂಜ್ಯವಾಗಿ ಕಾಪಾಡಿದ ಮೇಲಂಗಿಗೆ ಲತೀನಿನಲ್ಲಿ ‘ಕಪ್ಪೆಲ್ಲಾ’ ಎಂಬ ಹೆಸರು ಬಂತು. ಅದನ್ನು ಇಟ್ಟ ಸ್ಥಳಕ್ಕೂ ಅದೇ ಹೆಸರಾಯಿತು. ನಾವು ಇಂದು ಚಾಪೆಲ್ ಎನ್ನುವ ಪದ ಹುಟ್ಟಿದ್ದು ಹೀಗೆ, ಒಂದು ಹೊದಿಕೆಯಿಂದ. ಗಮನಿಸಿ, ಮಾರ್ಟಿನರು ಅರ್ಧವನ್ನು ತಾವೂ ಉಳಿಸಿಕೊಂಡರು. ನೀವು ನಡುಗಬೇಕೆಂದು ದೇವರು ಕೇಳುವುದಿಲ್ಲ. ನೀವೊಬ್ಬರೇ ಬೆಚ್ಚಗಿರಬಾರದೆಂದು ಕೇಳುತ್ತಾರೆ.

ಈ ವಾರ ನಿಮ್ಮ ಮನೆಯಲ್ಲಿ

ಸಂತ ತೋಮಸರ ಐದು ಮದ್ದುಗಳನ್ನೇ ಮನೆಯ ಪಾಠವಾಗಿ ಮಾಡಿಕೊಳ್ಳಿ.

ಸಂತೋಷಕ್ಕೆ: ಒಂದು ಸಂಜೆ ಎಲ್ಲರೂ ಅಡುಗೆಮನೆಯಲ್ಲೇ ಕುಳಿತು ಅವರೆಕಾಯಿ ಸುಲಿಯಿರಿ. ಟಿ.ವಿ., ಮೊಬೈಲುಗಳಿಗೆ ಅಷ್ಟು ಹೊತ್ತು ರಜೆ ಕೊಡಿ.

ಕಣ್ಣೀರಿಗೆ: ಅಗಲಿದವರ ಹೆಸರನ್ನು ಮನೆಯಲ್ಲಿ ಹೇಳಲು ಹೆದರಬೇಡಿ. ಜಪಮಾಲೆಯ ಒಂದು ದಶಕವನ್ನು ಅವರಿಗಾಗಿ ಅರ್ಪಿಸಿ. ಯಾರಾದರೂ ಅತ್ತರೆ ‘ಅಳಬೇಡ’ ಎನ್ನಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಲಾಜರನ ಸಮಾಧಿಯ ಬಳಿ ಸ್ವಾಮಿಯೂ ಅತ್ತರು.

ಸ್ನೇಹಕ್ಕೆ: ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ಒಬ್ಬ ವೃದ್ಧರ ಮನೆಗೆ ಬಿಸಿ ಸಾರು ಒಯ್ಯಿರಿ, ಪಾತ್ರೆ ಇಟ್ಟು ಓಡಿಬರಬೇಡಿ, ಅರ್ಧ ಗಂಟೆ ಮಾತಾಡಿ. ಕಾಫಿ ಕೊಯ್ಲಿಗೆ ಬಂದು ಲೈನ್‌ಮನೆಗಳಲ್ಲಿ ಇರುವ ಕುಟುಂಬಗಳಿಗೆ ಕಂಬಳಿ ಇದೆಯೇ ಎಂದು ಕೇಳಿ ನೋಡಿ. ಬಡವನಿಂದ ಒತ್ತೆ ಪಡೆದ ಹೊದಿಕೆಯನ್ನು ಸೂರ್ಯ ಮುಳುಗುವ ಮುಂಚೆ ಹಿಂದಿರುಗಿಸಬೇಕೆಂಬ ಆಜ್ಞೆ ವಿಮೋಚನಾಕಾಂಡದಲ್ಲಿದೆ. ಅವನ ಚಳಿ ದೇವರಿಗೆ ಅಷ್ಟು ಮುಖ್ಯ.

ಸತ್ಯದ ಧ್ಯಾನಕ್ಕೆ: ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯ ಓದಿ. ಉರಿಯುವ ಕುಲುಮೆಯೊಳಗಿದ್ದ ಮೂವರು ಯುವಕರು ಬೆಂಕಿಯನ್ನಷ್ಟೇ ಅಲ್ಲ, ಚಳಿಯನ್ನೂ ಹಿಮವನ್ನೂ ದೇವರನ್ನು ಕೊಂಡಾಡಲು ಕರೆಯುತ್ತಾರೆ.

ನಿದ್ದೆ, ಸ್ನಾನಕ್ಕೆ: ಹಿರಿಯರಿಗೆ ಮೊದಲು ಬಿಸಿನೀರು ಕೊಡಿ. ಬೇಗ ಮಲಗಿರಿ. ಒಂದು ಎಚ್ಚರಿಕೆ: ಇದ್ದಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಂದೂ ಮಲಗಬೇಡಿ. ವಾಸನೆಯಿಲ್ಲದ ಅದರ ವಿಷಾನಿಲ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಫೆಬ್ರವರಿ 2ರಂದು, ಯೇಸುಸ್ವಾಮಿಯನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಂದು, ಚರ್ಚುಗಳಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸಲಾಗುತ್ತದೆ. ಆ ದಿನ ಕೂಸನ್ನು ಗುರುತಿಸಿದವರು ವಯಸ್ಸಾದ ಸಿಮೆಯೋನ ಮತ್ತು ವಿಧವೆಯಾದ ಅನ್ನಮ್ಮ. ಆಶೀರ್ವದಿಸಿದ ಒಂದು ಬತ್ತಿಯನ್ನು ನಿಮ್ಮ ಮನೆಗೆ ಒಯ್ಯಿರಿ. ಇನ್ನೊಂದನ್ನು, ಚಳಿಯಿಂದಲೋ ಕಾಲುನೋವಿನಿಂದಲೋ ಚರ್ಚಿಗೆ ಬರಲಾಗದ ಅಜ್ಜಿಯೊಬ್ಬರಿಗೆ ಕೊಟ್ಟು, ಅವರೊಡನೆ ಕುಳಿತು ಹಚ್ಚಿರಿ.