ಬಡ ಕುಟುಂಬಗಳ ಮನೆಯ ನಿವೇಶನ

1898ನೆಯ ಇಸವಿಯಲ್ಲಿ ಬೆಂಗಳೂರು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಪ್ಲೇಗು ಹರಡಿದಾಗ, ಸರ್ಕಾರದವರು ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳನ್ನು ಅಗಲವಾದ ಬೀದಿಗಳೊಡನೆ ಏರ್ಪಡಿಸಿದರು. ಚಾಮರಾಜಪೇಟೆಯು 1892ರಲ್ಲಿಯೇ ಹುಟ್ಟಿತ್ತು. ಆದರೆ ನಿವೇಶನದಿಂದ ಪ್ರಯೋಜನವು ಕಟ್ಟುವ ಹಣವುಳ್ಳವನಿಗೇ ಹೊರತು, ಕೂಲಿಯವನಿಗೆ ಬರಿಯ ನೆಲವು ಮನೆಯಾಗಲಾರದು.

2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1,20,000 ರೂಪಾಯಿ ಸಹಾಯಧನವು ಗೊತ್ತಾಯಿತು. ಮನೆಯು 25 ಚದರ ಮೀಟರಿಗೆ ಕಡಮೆಯಾಗಕೂಡದು. ಹಣವು ಕೆಲಸ ನಡೆದಂತೆ ಕಂತುಗಳಲ್ಲಿ ಬ್ಯಾಂಕಿನ ಖಾತೆಗೆ ಸಲ್ಲತಕ್ಕದ್ದಾದುದರಿಂದ, ಮೊದಲ ಕಂತನ್ನು ಮದುವೆಗೋ ಹಳೆಯ ಸಾಲಕ್ಕೋ ಖರ್ಚುಮಾಡಿದವನಿಗೆ ತಳಪಾಯವೂ ಏಳದು, ಮುಂದಿನ ಕಂತೂ ಬಾರದು.

ಭೂಮಾಲಿಕರು ಇಲ್ಲಿ ಯೋಚಿಸತಕ್ಕ ವಿಷಯವೊಂದಿದೆ. ತೋಟದ ಮೂಲೆಯಲ್ಲಿ ತಲೆಮಾರುಗಳಿಂದ ಗುಡಿಸಲು ಹಾಕಿಕೊಂಡಿರುವ ಆಳಿನ ಹೆಸರಿಗೆ ಜಾಗದ ದಾಖಲೆಯಿಲ್ಲದಿದ್ದರೆ ಅವನ ಅರ್ಜಿಗೆ ಬಲವಿಲ್ಲ. ಜಮೀನು ಕೈಬಿಟ್ಟೀತೆಂಬ ಭಯದಿಂದ ಕೆಲವರು ದಾಖಲೆಗೆ ಒಪ್ಪುವುದಿಲ್ಲ. 30 ಅಡಿಗೆ 40 ಅಡಿಯ ನಿವೇಶನವಾದರೋ ಒಂದು ಗುಂಟೆಗಿಂತ ಸ್ವಲ್ಪವೇ ಹೆಚ್ಚು. ಬದುವಿನ ಒತ್ತುವರಿಯ ವ್ಯಾಜ್ಯದಲ್ಲಿ ಇದಕ್ಕಿಂತ ಹೆಚ್ಚು ಕಳೆದುಕೊಂಡವರುಂಟು.

ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದುವ ದಿವಸ ಗ್ರಾಮದ ಮುಖಂಡರು ತಪ್ಪದೆ ಹಾಜರಿದ್ದು, ಬಿಟ್ಟುಹೋದ ವಿಧವೆಯರ ಮತ್ತು ಅಂಗವಿಕಲರ ಹೆಸರುಗಳನ್ನು ಅಲ್ಲಿಯೇ ಎತ್ತಿ ಹೇಳಿ ನಡವಳಿಯಲ್ಲಿ ಬರೆಯಿಸತಕ್ಕದ್ದು.