ಬ್ರೇಕಿನ ಜೋಡಣೆ: ಸವಾರರಿಗೊಂದು ಕಿವಿಮಾತು

ಮದ್ದೂರು, ಮಂಡ್ಯಗಳನ್ನು ಹಾಯ್ದು ಮೈಸೂರಿಗೆ ಸಾಗುವ ಹಳೆಯ ರಸ್ತೆಯಲ್ಲಿ, ಕಬ್ಬು ಹೇರಿದ ಗಾಡಿಗಳೂ ಟ್ರ್ಯಾಕ್ಟರುಗಳೂ ಎದುರಾಗುವ ಆ ದಾರಿಯಲ್ಲಿ, ರೋಡ್ ಬೈಕನ್ನೇರಿ ಹೊರಡುವ ತರುಣಮಿತ್ರರು ವೇಗಕ್ಕೆ ಕೊಡುವಷ್ಟೇ ಲಕ್ಷ್ಯವನ್ನು ಬ್ರೇಕಿಗೂ ಕೊಡಬೇಕೆಂಬುದು ನನ್ನ ವಿನಂತಿ. ಲಿವರು ಮುರಿದೊಡನೆ ಕೈಗೆ ಸಿಕ್ಕಿದ್ದನ್ನು ತೊಡಿಸಿಬಿಡುವ ಅಭ್ಯಾಸವು ಅಪಾಯಕರವಾದುದು. ಏಕೆಂದರೆ ಪ್ರತಿಯೊಂದು ಲಿವರೂ ತಾನು ಎಳೆಯುವ ಕೇಬಲ್ಲಿನ ಪ್ರಮಾಣಕ್ಕೆ ಅನುರೂಪವಾದ ಕ್ಯಾಲಿಪರನ್ನೇ ಅಪೇಕ್ಷಿಸುತ್ತದೆ.

ರೋಡ್ ಬೈಕಿನ ಲಿವರು ಕೇಬಲ್ಲನ್ನು ಅಲ್ಪವಾಗಿ ಎಳೆಯುತ್ತದೆ; ವಿ-ಬ್ರೇಕಿನ ಲಿವರು ಸುಮಾರು ಅದರ ಎರಡರಷ್ಟು ಎಳೆಯುತ್ತದೆ. ಮೊದಲನೆಯದನ್ನು ವಿ-ಬ್ರೇಕಿಗೆ ಜೋಡಿಸಿದರೆ, ಬ್ರೇಕ್ ಪ್ಯಾಡು ರಿಮ್ಮನ್ನು ಬಿಗಿಯಾಗಿ ಒತ್ತುವ ಮುನ್ನವೇ ಲಿವರು ಹ್ಯಾಂಡಲನ್ನು ಮುಟ್ಟೀತು. ಎರಡನೆಯದನ್ನು ರೋಡ್ ಕ್ಯಾಲಿಪರಿಗೆ ಜೋಡಿಸಿದರೆ, ಕೈಗೆ ಬಿಗಿಯೆನಿಸಿದರೂ ನಿಲ್ಲಿಸುವ ಬಲವು ಕುಂದಿ, ಮೇಲುಕೋಟೆಯ ಇಳಿಜಾರಿನಲ್ಲಿ ಸವಾರನು ಸಂಕಟಕ್ಕೀಡಾದಾನು. ಶಿಮಾನೋದ ಡ್ಯೂರಾ-ಏಸ್ 7900 ಶ್ರೇಣಿಯಿಂದೀಚೆಗೆ ಲಿವರಿನ ಎಳೆತವೇ ಬದಲಾಗಿರುವುದರಿಂದ, ಒಂದೇ ಸಂಸ್ಥೆಯದೆಂದು ನಂಬಿ ಹಳೆಯದನ್ನೂ ಹೊಸದನ್ನೂ ಬೆರೆಸಲಾಗದು. ಹೈಡ್ರಾಲಿಕ್ ಬ್ರೇಕಿನಲ್ಲಂತೂ ಮಿನರಲ್ ಆಯಿಲ್ ಬೇಡುವ ಭಾಗಕ್ಕೆ ಡಾಟ್ ದ್ರವವನ್ನು ತುಂಬಿದರೆ ಒಳಗಿನ ಸೀಲುಗಳೇ ಕೆಡುತ್ತವೆ.

ಆದುದರಿಂದ ಕೊಳ್ಳುವ ಮುನ್ನ ಎರಡು ಭಾಗಗಳ ಮಾದರಿಸಂಖ್ಯೆಯನ್ನು ತಯಾರಕರ ಹೊಂದಾಣಿಕೆಯ ಪಟ್ಟಿಯೊಡನೆ ತಾಳೆ ನೋಡಿರಿ. ಜೋಡಿಸಿದ ಮೇಲೆ ನಿಂತಲ್ಲಿಯೇ ಬಲವಾಗಿ ಹಿಡಿದು ಪರೀಕ್ಷಿಸಿ, ಬಳಿಕ ವಾಹನಸಂಚಾರವಿಲ್ಲದ ಸಮತಟ್ಟಾದ ಬೀದಿಯಲ್ಲಿ ಮಂದಗತಿಯಿಂದ ಪ್ರಯೋಗಿಸಿ, ಆಮೇಲೆಯೇ ಹೆದ್ದಾರಿಗೆ ಇಳಿಯಿರಿ.