ನಡುವೆಯೇ ನಿಲ್ಲುವ ಇಂಡಕ್ಷನ್ ಒಲೆ

ಬಸವಕಲ್ಯಾಣ, ಹುಮನಾಬಾದ್ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಮಧ್ಯಾಹ್ನ ತೊಗರಿಬೇಳೆ ಅರ್ಧ ಬೆಂದಾಗ ಇಂಡಕ್ಷನ್ ಒಲೆ ಟಪ್ಪನೆ ನಿಂತರೆ, ರಿಪೇರಿಗೆ ಒಯ್ಯುವ ಮೊದಲು ಅದರ ಅಡಿಯನ್ನೊಮ್ಮೆ ನೋಡಿ. ಒಳಗಿನ ಕಾಯಿಲ್, ಸರ್ಕ್ಯೂಟುಗಳನ್ನು ತಣ್ಣಗಿಡಲು ಸಣ್ಣದೊಂದು ಫ್ಯಾನ್ ಕೆಳಗಿನ ಜಾಲರಿಯಿಂದ ಗಾಳಿ ಎಳೆಯುತ್ತದೆ. ಒಲೆಯಡಿ ಹಾಸಿದ ಪೇಪರ್, ಪ್ಲಾಸ್ಟಿಕ್ ಹಾಳೆ, ರೊಟ್ಟಿ ಬಡಿಯುವಾಗ ಹಾರಿದ ಜೋಳದ ಹಿಟ್ಟು ಆ ದಾರಿ ಕಟ್ಟಿದರೆ ಒಳಗೆ ಕಾವು ಏರುತ್ತದೆ, ಸೆನ್ಸರ್ ಒಲೆಯನ್ನು ಆರಿಸುತ್ತದೆ. ಒಲೆ ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಂಡಿದೆ ಅಷ್ಟೆ! ಫ್ಯಾನ್ ನಿಂತ ಬಳಿಕ ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಒಣ ಬ್ರಷ್‌ನಿಂದ ಧೂಳು ಜಾಡಿಸಿ. ಗೋಡೆಯಿಂದ ಗೇಣು ದೂರ ಇಡಿ. ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳಬೇಡಿ. ಫ್ಯಾನ್ ತಾನಾಗಿ ನಿಲ್ಲಲಿ.

ಗಾಳಿಯ ದಾರಿ ಸರಿಯಿದ್ದರೂ ಒಲೆ ನಿಂತರೆ ಪಾತ್ರೆ ನೋಡಿ. ಅದರ ತಳ ಸಪಾಟಾಗಿದ್ದು ಆಯಸ್ಕಾಂತ ಗಟ್ಟಿಯಾಗಿ ಹಿಡಿಯಬೇಕು. ರೊಟ್ಟಿ ಹಂಚು ಕಬ್ಬಿಣದ್ದೇ ಆದರೂ ತಳ ಡುಬ್ಬಾಗಿದ್ದರೆ ಈ ಒಲೆಗೆ ಒಗ್ಗದು.

ಇನ್ನು ಕರೆಂಟು. 2000 ವ್ಯಾಟಿನ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಟಿವಿಗೆ, ಮೊಬೈಲಿಗೆ ಇಟ್ಟ 6 ಆಂಪಿಯರ್ ಸಾಕೆಟ್ಟು ಅದನ್ನು ತಾಳದು. 16 ಆಂಪಿಯರಿನದೇ ಬೇಕು. ಮನೆಯ ಫ್ಯಾನ್ ನಿಧಾನವಾದ ಹೊತ್ತಿಗೇ ಒಲೆಯೂ ನಿಂತರೆ ವೋಲ್ಟೇಜ್ ಇಳಿದಿರುತ್ತದೆ. ನೆರೆಯವರ ಪಾಡೂ ಅದೇ ಆದರೆ 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ಕೊಡಿ.

ಒಲೆಯ ಗಾಜು ಬಿರುಕು ಬಿಟ್ಟಿದ್ದರೆ, ಪ್ಲಗ್ಗಿನಿಂದ ಸುಟ್ಟ ವಾಸನೆ ಬಂದರೆ ಮಾತ್ರ ಮನೆಮದ್ದು ಬೇಡ. ಮೇನ್ ಸ್ವಿಚ್ ಆರಿಸಿ, ಮೆಕ್ಯಾನಿಕ್ ಕೈಗೆ ಕೊಡಿ.